ಉತ್ತರದ ಗೋಡೆಯ ಕೆಳಗಿನ ಮೊಳ

ನಾನು ಶಾಂತ ಸ್ವಭಾವದ ಮನುಷ್ಯ. ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ. ಬೇಕಿದ್ದರೆ ನಮ್ಮ ಊರಿನ ಏಳು ಹಾಲಿನ ಕೋಣೆಗಳನ್ನು ಹೋಗಿ ನೋಡಿ. ಏಳರ ಗೋಡೆಗೂ ಕೆಸರು ತುಳಿದವನು ನಾನೇ. ಏಪ್ರಿಲ್ ತಿಂಗಳ ಸುಡು ಬಿಸಿಲಿನಲ್ಲೂ ಅಲ್ಲಿಟ್ಟ ಹಾಲು ಎರಡು ದಿನ ಒಡೆಯುವುದಿಲ್ಲ. ನಮ್ಮ ಊರಲ್ಲಿ ತುಳಿದವರ ಸ್ವಭಾವ ಮಣ್ಣಿನಲ್ಲಿ ಉಳಿಯುತ್ತದೆ. ಶಾಂತರು ತುಳಿದ ಗೋಡೆ ತಂಪು, ಸಿಟ್ಟಿನವರು ತುಳಿದ ಗೋಡೆ ಬಿಸಿ. ಬೇರೆ ಊರುಗಳಲ್ಲಿ ಹೀಗಿಲ್ಲವೆಂದು ಕೇಳಿದ್ದೇನೆ. ಅಲ್ಲಿಯ ಜನ ಯಾವ ಧೈರ್ಯದ ಮೇಲೆ ಮನೆ ಕಟ್ಟುತ್ತಾರೋ ದೇವರೇ ಬಲ್ಲ.

ಮದುವೆಯಾದ ಹೊಸದರಲ್ಲಿ ನನ್ನ ಮನೆಯ ನಾಲ್ಕೂ ಗೋಡೆಗಳಿಗೆ ನಾನೇ ತುಳಿದೆ. ಹೆಂಡತಿ ಮಹಾದೇವಿ ನೋಡಲಿ, ತಾನು ಎಂಥವನ ಕೈ ಹಿಡಿದಿದ್ದೇನೆಂದು ತಿಳಿಯಲಿ ಎಂಬ ಹುಮ್ಮಸ್ಸು. ತಿಳಿಯಿತು. ನಮ್ಮದು ಎತ್ತರದ ಬಯಲಿನ ಊರು. ದಸರೆ ಮುಗಿದ ಮೇಲೆ ಎದ್ದ ಗಾಳಿ ಹೋಳಿ ಹುಣ್ಣಿಮೆಯ ತನಕ ಕೂಡುವುದಿಲ್ಲ. ಉರಿಸೋಣವೆಂದರೆ ಗಿಡಮರ ಕಡಿಮೆ. ಕರೆಂಟಿನ ಕಂಬಗಳು ಹಳ್ಳದ ಸೇತುವೆಯವರೆಗೆ ಬಂದು ನಿಂತು ಮೂವತ್ತು ವರ್ಷವಾಯಿತು. ಅವೂ ನಮ್ಮ ಚಳಿಗೆ ಹೆದರಿರಬೇಕು. ಇಂಥ ಊರಿನಲ್ಲಿ, ನನ್ನ ಶಾಂತಿಯ ನಡುವೆ, ಮಹಾದೇವಿ ಇಪ್ಪತ್ತೆರಡು ಚಳಿಗಾಲ ಕಳೆದಳು. ಕೊಬ್ಬರಿ ಎಣ್ಣೆ ನವೆಂಬರಿನಲ್ಲಿ ಗಟ್ಟಿಯಾದರೆ ಮಾರ್ಚಿನಲ್ಲಿ ಕರಗುತ್ತಿತ್ತು. ಬಂದ ಅತಿಥಿಗಳು ಎಷ್ಟು ಶಾಂತವಾದ ಮನೆಯಪ್ಪಾ ಎಂದು ಹೊಗಳಿ, ಚಹಾ ಕುಡಿದು, ಲಗುಬಗೆಯಿಂದ ಎದ್ದು ಹೋಗುತ್ತಿದ್ದರು.

ಮಹಾದೇವಿ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಅವಳು ಹಾಕುವ ಹೊಲಿಗೆ ಇರುವೆ ಸಾಲಿನಷ್ಟು ಸಣ್ಣ. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವಳ ಬೆರಳುಗಳು ಬಾತು ಕೆಂಪಾದವು, ಸೂಜಿ ಹಿಡಿದರೆ ಜಾರಿ ಬೀಳತೊಡಗಿತು. ಒಂದು ದಿನ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು ನನ್ನ ಮುಂದೆ ಬಂದು ಕೂತಳು.

“ಇನ್ನೊಂದು ಚಳಿಗಾಲ ಈ ಮನ್ಯಾಗ ಕಳದ್ರ ನನ್ನ ಬೆರಳು ಹೋಗ್ತಾವ್ರಿ. ನಿಮ್ಮ ಶಾಂತಿ ನನಗ ಸಾಕಾಗೇತಿ” ಅಂದಳು.

ಹೊಸ ಮನೆ ಕಟ್ಟಬೇಕೆಂದು ಅಂದೇ ತೀರ್ಮಾನವಾಯಿತು. ದಿಕ್ಕಿನ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ತಗ್ಗಿನಲ್ಲಿ ಸಾಗುತ್ತಾನೆ. ದಕ್ಷಿಣಕ್ಕೆ ದೊಡ್ಡ ಕಿಟಕಿ ಇಟ್ಟರೆ ಬಿಸಿಲು ನೇರ ಒಳಗೆ ಬಂದು ಉತ್ತರದ ಗೋಡೆಯ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಅವನು ನೆತ್ತಿಯ ಮೇಲಿರುವುದರಿಂದ ಎರಡು ಮೊಳ ಮುಂದೆ ಚಾಚಿದ ಸೂರು ಅವನನ್ನು ಹೊರಗೇ ನಿಲ್ಲಿಸುತ್ತದೆ. ಹಗಲು ಕುಡಿದ ಬಿಸಿಲನ್ನು ಉತ್ತರದ ಗೋಡೆ ಸಂಜೆಯಿಂದ ನಿಧಾನವಾಗಿ ಮನೆಯವರಿಗೆ ಕೊಡಬೇಕು. ಆ ಗೋಡೆಯನ್ನು ಯಾವುದರಿಂದ ಕಟ್ಟಬೇಕು ಎಂಬುದೊಂದೇ ಉಳಿದಿದ್ದ ಪ್ರಶ್ನೆ. ಅದಕ್ಕಾಗಿ ಗೌಂಡಿ ಲಾಲಸಾಬನನ್ನು ಕರೆಸಿದೆ. ಊರಿನ ಅರ್ಧ ಮನೆಗಳನ್ನು ಕಟ್ಟಿದವನು ಅವನು. ಉಳಿದ ಅರ್ಧವನ್ನು ಅವನ ಅಪ್ಪ ಕಟ್ಟಿದ್ದ.

ಕಲ್ಲು ಬೇಡವೆಂದು ಇಬ್ಬರಿಗೂ ಅನ್ನಿಸಿತು. ನಮ್ಮ ಗುಡ್ಡದ ಕಲ್ಲು ಬಿಸಿಯಾಗಲು ಡಿಸೆಂಬರ್ ಪೂರ್ತಿ ತೆಗೆದುಕೊಳ್ಳುತ್ತದೆ, ಅದು ಮನಸ್ಸು ಮಾಡುವ ಹೊತ್ತಿಗೆ ಚಳಿಗಾಲವೇ ಮುಗಿದಿರುತ್ತದೆ. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ ತೆಳುವು. ಬಿಸಿಲು ಹೋದ ಅರ್ಧ ಗಂಟೆಗೆ ಕೈ ಎತ್ತಿಬಿಡುತ್ತದೆ. ನನ್ನ ಮನಸ್ಸು ಇದ್ದದ್ದು ಹುಲ್ಲಿನ ಮೇಲೆ. ಒಣಹುಲ್ಲನ್ನು ಒತ್ತಿ ಕಟ್ಟಿದ ದೊಡ್ಡ ಹೊರೆಗಳನ್ನು ಇಟ್ಟಿಗೆಯಂತೆ ಪೇರಿಸಿ, ಮೇಲೆ ಸುಣ್ಣದ ಗಾರೆಯ ಗಿಲಾಯಿ ಮಾಡುವ ಪದ್ಧತಿ. ಅದರಲ್ಲಿ ಯಾರೂ ತುಳಿಯಬೇಕಿಲ್ಲ, ಯಾರ ಸ್ವಭಾವದ ಹಂಗೂ ಇಲ್ಲ. ಊರಲ್ಲಿ ಅಂಥದ್ದು ಒಂದೇ ಮನೆ ಇತ್ತು, ನಿವೃತ್ತ ಪೋಸ್ಟ್ ಮಾಸ್ತರರದು. ಲಾಲಸಾಬ ನನ್ನನ್ನು ಅಲ್ಲಿಗೆ ಕರೆದೊಯ್ದ. ಮಾಸ್ತರರು ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಕೂತಿದ್ದರು.

“ಹುಲ್ಲಿನ ಗೋಡೆ ಒಳಗಿನ ಬಿಸಿಯನ್ನು ಹೊರಗೆ ಬಿಡೋದಿಲ್ಲ, ಬಹಳ ಶ್ರೇಷ್ಠ” ಎಂದು ಮಾಸ್ತರರು ವಿವರಿಸಿದರು. “ಒಳಗೆ ಬಿಸಿ ಇರಬೇಕು, ಅಷ್ಟೆ. ಹತ್ತು ಮಂದಿ ಬಂದು ಕೂತರೆ ನೋಡಿ, ಬೆವರು ಬರತದ.”

ಮಾಸ್ತರರ ಮನೆಗೆ ಹತ್ತು ಮಂದಿ ಬಂದದ್ದನ್ನು ಊರು ಎಂದೂ ಕಂಡಿರಲಿಲ್ಲ. ಹೊರಗೆ ಬಂದ ಮೇಲೆ ಲಾಲಸಾಬ ಅಂದ: “ಅದು ಕಂಬಳಿ ಇದ್ದಂಗ್ರೀ. ಬಿಸಿ ಕಾಯತೈತಿ, ಬಿಸಿ ಹುಟ್ಟಸಂಗಿಲ್ಲ. ಅಕ್ಕಾರ ಬೆರಳು ಉಳೀಬೇಕಂದ್ರ ತುಳದ ಮಣ್ಣಾ ಬೇಕು. ಮೂರು ಗ್ವಾಡಿ ಹೆಂಗರ ಇರ್ಲಿ, ಬಡಗಣ ಗ್ವಾಡಿಗೆ ಮಾತ್ರ ಸಿಟ್ಟಿನ ಕಾಲು ಬೇಕು.”

ಬಾಡಿಗೆ ಸಿಟ್ಟಿನವರು ನಮ್ಮಲ್ಲಿ ಇದ್ದಾರೆ. ರುದ್ರಗೌಡನಿಗೆ ಗಾಳಿಯ ಮೇಲೆ ಸಿಟ್ಟು, ಕೋಳಿಗಳ ಮೇಲೆ ಸಿಟ್ಟು, ತನ್ನ ಚಪ್ಪಲಿಯ ಮೇಲೂ ಸಿಟ್ಟು. ನಲವತ್ತು ಮನೆಗೆ ತುಳಿದಿದ್ದಾನೆ. ಆದರೆ ನಲವತ್ತು ಮನೆಗೆ ಹಂಚಿ ಹೋದ ಸಿಟ್ಟು ಸಂಕ್ರಾಂತಿಯ ತನಕವೂ ಬಾಳುವುದಿಲ್ಲ. ಗೋಡೆ ನಿಜವಾಗಿ ಕಾಯುವುದು ಆ ಮನೆಯಲ್ಲಿ ಇರುವವನ ಮೇಲೇ ಸಿಟ್ಟಿರುವವರು ತುಳಿದಾಗ. ಹೀಗಾಗಿ ನಮ್ಮ ಊರಿನಲ್ಲಿ ಯಾರಿಗೂ ಕೇಡು ಬಯಸದ ಸಜ್ಜನರು ಗಡಗಡ ನಡುಗುತ್ತ ಬದುಕುತ್ತಾರೆ. ನಾಲ್ಕು ಜನರ ಹೊಟ್ಟೆ ಉರಿಸಿದವರು ಬರಿಮೈಯಲ್ಲಿ ಮಲಗುತ್ತಾರೆ.

“ನಿಮ್ಮ ಮ್ಯಾಲೆ ಯಾರಿಗರ ಸಿಟ್ಟು ಐತೇನ್ರಿ, ಗುರಸಿದ್ದಪ್ಪಾರ?” ಎಂದು ಲಾಲಸಾಬ ಮನೆಗೆ ಬಂದು ಕೇಳಿದ.

“ನನ್ನ ಮ್ಯಾಲಾ? ಯಾರಿಗೂ ಇಲ್ಲಪಾ” ಅಂದೆ. ಸ್ವಲ್ಪ ಬೇಸರದಿಂದಲೇ ಅಂದೆ, ಏಕೆಂದರೆ ಅದು ನಿಜವೆಂದು ನಂಬಿದ್ದೆ.

ಮಹಾದೇವಿ ಬೆರಳುಗಳನ್ನು ಬಿಸಿನೀರಿನ ಚೊಂಬಿಗೆ ಒತ್ತಿಕೊಂಡು ಕೂತಿದ್ದಳು. ತಲೆ ಎತ್ತದೆ, “ನೀಲವ್ವಕ್ಕಗ ಐತಿ” ಅಂದಳು.

ನೀಲವ್ವ ನನ್ನ ಅಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಯಾರೋ ಕೆರೆಯ ತೂಬು ಎತ್ತಿ ಹಾಗೇ ಬಿಟ್ಟಿದ್ದರಿಂದ ಅರ್ಧ ಕೆರೆ ಹಳ್ಳಕ್ಕೆ ಹರಿದುಹೋಯಿತು. ಊರು ಸಿಡಿಮಿಡಿಗೊಂಡಿತು. ನೀರಗಂಟಿ ಯಮನಪ್ಪ ಕಟ್ಟೆಯ ಮೇಲೆ ಹಿರಿಯರ ಮುಂದೆ ನೀಲವ್ವಕ್ಕನ ಹೆಸರು ಹೇಳಿದ. ತೂಬಿನ ಕೆಳಗೇ ಅವಳ ಕಾಯಿಪಲ್ಲೆಯ ಮಡಿ ಇತ್ತು, ನಂಬಲು ಅಷ್ಟು ಸಾಕಾಯಿತು. ತಾನು ತಮ್ಮನ ಮನೆಯಲ್ಲಿದ್ದೆ, ಅವನನ್ನೇ ಕೇಳಿ ಎಂದಳು ಅಕ್ಕ. ನಿಜವಾಗಿಯೂ ಆ ದಿನ ಊಟದ ಹೊತ್ತಿನಿಂದ ದೀಪ ಹಚ್ಚುವವರೆಗೆ ಅವಳು ನಮ್ಮ ಪಡಸಾಲೆಯಲ್ಲಿ ಕೂತು ಹಸಿ ಶೇಂಗಾ ಸುಲಿದಿದ್ದಳು. ಮಹಾದೇವಿ ತವರಿಗೆ ಹೋಗಿದ್ದಳಾದ್ದರಿಂದ ಅದನ್ನು ಬಲ್ಲವನು ನಾನೊಬ್ಬನೇ. ಯಮನಪ್ಪ ನನ್ನ ಗೆಳೆಯ. ತೂಬು ಎತ್ತಿ ಮರೆತವನು ಅವನೇ ಎಂದು ಅವನ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು. ಹೌದೆಂದರೆ ಅವನೊಂದಿಗೆ ಜಗಳ, ಇಲ್ಲವೆಂದರೆ ಅಕ್ಕನೊಂದಿಗೆ. ನನಗೆ ಜಗಳವೆಂದರೆ ಆಗುವುದಿಲ್ಲ. “ನನಗ ಬರೋಬ್ಬರಿ ನೆನಪಿಲ್ರಿ” ಅಂದೆ. ಅಕ್ಕನ ಮಡಿ ಹೋಯಿತು, ‘ತೂಬು ಎತ್ತಿದಾಕಿ’ ಎಂಬ ಹೆಸರು ಬಂತು. ಅವಳು ಗುಡ್ಡದ ಓರೆಯಲ್ಲಿ ಬಿದಿರು ತಟ್ಟಿಯ ಮನೆ ಮಾಡಿಕೊಂಡು ಒಬ್ಬಳೇ ಉಳಿದಳು.

ಇದರಲ್ಲಿ ನನ್ನ ತಪ್ಪೇನೂ ಇಲ್ಲವೆಂದು ನಾನು ಹನ್ನೊಂದು ವರ್ಷ ತಿಳಿದಿದ್ದೆ. ಮರೆವು ಯಾರಿಗೆ ಇರುವುದಿಲ್ಲ? ಆದರೂ ಲಾಲಸಾಬನನ್ನೇ ಅಕ್ಕನ ಹತ್ತಿರ ಕಳಿಸಿದೆ. ಅವಳಿಗೆ ಸಿಟ್ಟು ಇಲ್ಲದಿದ್ದರೆ ನನ್ನ ಮನಸ್ಸಿಗೆ ನೆಮ್ಮದಿ, ಇದ್ದರೆ ಮನೆಗೆ ಬಿಸಿ ಎಂದು ಲೆಕ್ಕ ಹಾಕಿದೆ. ಇಷ್ಟು ಲಾಭದ ವ್ಯವಹಾರ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಲಾಲಸಾಬ ಮಧ್ಯಾಹ್ನಕ್ಕೆ ಮರಳಿ ಬಂದ.

“ಬರ್ತೀನಂದ್ರು. ಒಂದ ಕೇಳಿದ್ರು ನೋಡ್ರಿ: ಅಂವ ಮುಂದ ಕೂಡ್ತಾನಿಲ್ಲೋ ಅಂತ.”

ಅದು ನಮ್ಮಲ್ಲಿಯ ಪದ್ಧತಿ. ಬಿಸಿ ಗೋಡೆಗೆ ತುಳಿಯುವಾಗ ಮನೆಯ ಯಜಮಾನ ಕೆಸರಿನ ಗುಂಡಿಯ ಎದುರಿಗೆ ಮಣೆ ಹಾಕಿಕೊಂಡು, ಮಾತಾಡದೆ, ಮುಖ ತಿರುಗಿಸದೆ, ಬೆಳಗಿನಿಂದ ಮಣ್ಣು ಹದಕ್ಕೆ ಬರುವ ತನಕ ಕೂಡಬೇಕು. ತುಳಿಯುವವರಿಗೆ ನೆನಪು ಕದಲಬಾರದೆಂದು ಹಾಗೆ. ಅಕ್ಕ ಬಂದಳು. ತಲೆ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಅದೇ ಬಿರುಸು. ಮಹಾದೇವಿಯ ಬೆರಳುಗಳನ್ನು ಹಿಡಿದು ನೋಡಿದಳು, ಸೆರಗು ಸಿಕ್ಕಿಸಿದಳು, ಗುಂಡಿಗೆ ಇಳಿದಳು. ನನ್ನನ್ನು ನೋಡಿ ನಕ್ಕಳು.

“ಸಿಟ್ಟು ಎಲ್ಲೀದೋ ಗುರಸಿದ್ದಾ? ಅದನ್ನೆಲ್ಲಾ ಎಂದೋ ಮರತೀನಿ. ನಿನಗ ನೆನಪಿಲ್ಲಾ, ನನಗೂ ನೆನಪಿಲ್ಲಾ” ಅಂದಳು.

ನನಗೆ ಎಷ್ಟೋ ಹಗುರವಾಯಿತು. ಅವಳು ನಗುನಗುತ್ತಲೇ ತುಳಿದಳು. ಹೊಟ್ಟು ಬೆರೆಸಿ ತುಳಿದಳು, ನೀರು ಹಾಕಿ ತುಳಿದಳು. ಊಟಕ್ಕೆ ಗೋದಿ ಹುಗ್ಗಿ ಮಾಡಿದ್ದೆವು. ಎರಡು ಸಲ ಹಾಕಿಸಿಕೊಂಡು ಉಂಡು, ಮತ್ತೆ ಗುಂಡಿಗೆ ಇಳಿದಳು. ಸಂಜೆಯ ಹೊತ್ತಿಗೆ ಕೆಸರಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಲಾಲಸಾಬ ಒಂದು ಬೆರಳು ಅದ್ದಿ, ತಟ್ಟನೆ ಹಿಂದಕ್ಕೆ ತೆಗೆದ. “ಇನ್ನೊಂದು ಬುಟ್ಟಿ ಹೊಟ್ಟು ಹಾಕ್ರೋ, ಗ್ವಾಡಿ ಸೀಳತೈತಿ” ಎಂದಷ್ಟೇ ಆಳುಗಳಿಗೆ ಹೇಳಿದ. ನಾನು ಹಬೆಯನ್ನು ನೋಡದವನಂತೆ ಕೂತಿದ್ದೆ. ಮಣೆಯ ಮೇಲೆ ಕೂತು ಕೂತು ನನ್ನ ಕಾಲು ಜೋಮು ಹಿಡಿದಿತ್ತು.

ಮೊದಲ ಚಳಿಗಾಲದಲ್ಲೇ ನಮ್ಮದು ಊರಿನ ಅತಿ ಬೆಚ್ಚನೆಯ ಮನೆಯೆಂದು ಹೆಸರಾಯಿತು. ಕೊಬ್ಬರಿ ಎಣ್ಣೆ ಜನವರಿಯಲ್ಲೂ ನೀರಾಗಿ ಹರಿಯುತ್ತಿತ್ತು. ಮಹಾದೇವಿಯ ಬೆರಳಿನ ಬಾವು ಇಳಿಯಿತು, ಕೌದಿಯ ಮೇಲೆ ಕೌದಿ ಹೊಲಿದಳು. ಬಂದವರು ಈಗ ಎದ್ದು ಹೋಗುತ್ತಲೇ ಇರಲಿಲ್ಲ. ಅವರನ್ನು ಕಿಟಕಿಯ ಹತ್ತಿರ ನಿಲ್ಲಿಸಿ ನಾನು ಉಪನ್ಯಾಸ ಕೊಡುತ್ತಿದ್ದೆ: ಸೂರ್ಯನ ಓರೆ ಇಷ್ಟು, ಸೂರಿನ ಚಾಚು ಇಷ್ಟು, ಗೋಡೆಯ ದಪ್ಪ ಒಂದೂವರೆ ಮೊಳ, ಎಲ್ಲವೂ ಲೆಕ್ಕಾಚಾರ. ಜನ ತಲೆಯಾಡಿಸುತ್ತ ಉತ್ತರದ ಗೋಡೆಗೆ ಬೆನ್ನು ಕೊಟ್ಟು, ನನ್ನ ಮುಖ ನೋಡಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮಹಾದೇವಿ ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಆ ಗೋಡೆಗೆ ಆತುಕೊಂಡು ಕೂರಲಿಲ್ಲ. ಕೋಣೆಯ ನಡುವೆ ಕೂತು ಹೊಲಿಯುತ್ತಿದ್ದಳು.

ಮೂರನೆಯ ವರ್ಷ ದೀಪಾವಳಿಯ ಹೊತ್ತಿಗೆ ಗೋಡೆ ಒಂದಿಷ್ಟು ಇಳಿದಂತೆ ಅನ್ನಿಸಿತು. ನಮ್ಮ ಊರಲ್ಲಿ ಇದಕ್ಕೂ ಉಪಾಯವಿದೆ. ತುಳಿದವರ ಸಿಟ್ಟು ಇಳಿದರೆ ಗೋಡೆಯೂ ಇಳಿಯುತ್ತದಾದ್ದರಿಂದ, ಹಬ್ಬಕ್ಕೆ ಮೊದಲು ಪ್ರತಿ ಮನೆಯವರೂ ತಮ್ಮ ಗೋಡೆ ತುಳಿದವರ ಮನೆಗೆ ಹೋಗಿ ಅವರನ್ನು ಕೆಣಕಿ ಬರುತ್ತಾರೆ. ಕೈಯಲ್ಲಿ ಚಕ್ಕುಲಿ, ಉಂಡೆಗಳ ಫರಾಳದ ತಾಟು ಇರುತ್ತದೆ, ಬಾಯಲ್ಲಿ ಒಂದೆರಡು ಚುಚ್ಚುಮಾತು. ವರ್ಷಕ್ಕೊಮ್ಮೆ ಹೀಗೆ ಜಗಳ ನವೀಕರಿಸಿಕೊಂಡರೆ ಚಳಿಗಾಲ ಸುಸೂತ್ರ. ಹಿಂದೆ ಒಂದು ಮನೆಯ ಅಣ್ಣತಮ್ಮಂದಿರು ಅವಸರದಲ್ಲಿ ಒಂದಾಗಿಬಿಟ್ಟು, ಹೆಂಡತಿ ಮಕ್ಕಳು ನೆಗಡಿಯಿಂದ ನರಳಿದ್ದನ್ನು ಊರು ಇಂದಿಗೂ ಮರೆತಿಲ್ಲ. ಲಾಲಸಾಬನೂ, “ಹೋಗಿ ಏನರ ಒಂದ್ ಮಾತು ಅಂದು ಬರ್ರಿ” ಎಂದ.

ಚುಚ್ಚಿ ಮಾತಾಡುವುದು ನನಗೆ ಅಭ್ಯಾಸವಿಲ್ಲ. ಗುಡ್ಡ ಹತ್ತುವಾಗ ಎರಡು ಮಾತು ಬಾಯಿಪಾಠ ಮಾಡಿಕೊಂಡೆ. ತಟ್ಟಿಯ ಬಾಗಿಲು ತೆರೆದೇ ಇತ್ತು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ನಡುವೆ ಅಕ್ಕ ಕೌದಿಗಳ ರಾಶಿಯೊಳಗೆ ಕೂತಿದ್ದಳು. ಮೇಲಿನ ಕೌದಿಯ ನಡುವಿನ ತುಂಡು ನನ್ನ ಹಸಿರು ಗೆರೆಯ ಅಂಗಿ; ಅಂಚಿನದು ನನ್ನ ಮದುವೆಯ ಧೋತರ. ಇರುವೆ ಸಾಲಿನಂಥ ಹೊಲಿಗೆ. ಎರಡು ಚಳಿಗಾಲ ಮಹಾದೇವಿ ಹೊಲಿದದ್ದೆಲ್ಲ ಎಲ್ಲಿಗೆ ಹೋಯಿತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

“ಬಾ. ಕೆಣಕಾಕ ಬಂದೀಯೇನು?” ಅಂದಳು ಅಕ್ಕ. “ನೋಡು, ನನ್ನ ಸಿಟ್ಟಿನ ಬಿಸಿಗೆ ಮಹಾದೇವಿ ಹೊಲೀತಾಳ, ಆಕಿ ಹೊಲದದ್ದು ನಾ ಹೊದಕೋತೀನಿ. ನಡುವ ನೀನೊಬ್ಬಾಂವ ಪುಕ್ಕಟೆ ಕಾಯಿಸ್ಕೊಂಡು ಕುಂತಿ.” ಆಮೇಲೆ ತಾಟಿನಲ್ಲಿದ್ದ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು, “ಹೂಂ, ಅನ್ನು. ಏನು ಕಲ್ತು ಬಂದೀ?” ಎಂದು ಕಾದಳು.

ಬಾಯಿಪಾಠ ಮಾಡಿದ್ದು ಎರಡೂ ಮರೆತುಹೋದವು. ಈ ಸಲ ನಿಜವಾಗಿಯೇ ಮರೆತಿದ್ದೆ. ಅವಳ ಬೆರಳುಗಳು ಕೆಂಪಗೆ ಬಾತಿರುವುದು ಕಾಣಿಸಿತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ತಾಟನ್ನು ಅಲ್ಲೇ ಬಿಟ್ಟು ಇಳಿದು ಬಂದೆ.

ಮನೆಗೆ ಬಂದು ಮಹಾದೇವಿಗೆ, ಕಟ್ಟೆಯ ಮೇಲೆ ಹೋಗಿ ನಿಜ ಹೇಳಿದರೆ ಗೋಡೆ ಆರುತ್ತದೆ, ನಿನ್ನ ಬೆರಳಿನ ಗತಿಯೇನು ಎಂದೆ. ನಾನು ಅವಳಿಗಾಗಿಯೇ ಸುಮ್ಮನಿದ್ದೇನೆ ಎಂಬಂತೆ ಹೇಳಿದೆ.

“ನನ್ನ ಬೆರಳ ಹೆಸರು ಹೇಳಬ್ಯಾಡ್ರಿ” ಅಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ನಾನು ಕೇಳಿರಲಿಲ್ಲ. “ಆಗ ಯಮನಪ್ಪನ ಹೆಸರು, ಈಗ ನನ್ನ ಬೆರಳು. ನಿಮಗ ಬಾಯಿ ತೆರೀಬಾರ್ದಂದ್ರ ಏನರ ಒಂದು ಸಿಗತೈತಿ.”

ಸೋಮವಾರ ಹಿರಿಯರು ಕೂಡುವ ದಿನ. ಕಟ್ಟೆಯ ಮೇಲೆ ನಿಂತು, ಆ ಮಧ್ಯಾಹ್ನ ನೀಲವ್ವಕ್ಕ ನನ್ನ ಪಡಸಾಲೆಯಲ್ಲಿ ಹಸಿ ಶೇಂಗಾ ಸುಲಿಯುತ್ತಿದ್ದಳು, ನನಗೆ ಆಗಲೂ ನೆನಪಿತ್ತು, ಹೆದರಿ ಸುಳ್ಳು ಹೇಳಿದೆ ಎಂದೆ. ಯಮನಪ್ಪ ನೆಲ ನೋಡುತ್ತ ಕೂತಿದ್ದ. ಹಿರಿಯರು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಮೂವರು ಹೆಂಗಸರು ಹಾಲಿನ ಚರಿಗೆ ಹಿಡಿದುಕೊಂಡು ಕಟ್ಟೆಗೆ ಓಡಿ ಬಂದರು. ನಾನು ತುಳಿದ ಏಳೂ ಹಾಲಿನ ಕೋಣೆಗಳಲ್ಲಿ ಹಾಲು ಒಡೆದಿತ್ತು. ಹಿರಿಯರಿಗೆ ನನ್ನ ಮಾತಿನ ಮೇಲೆ ನಂಬಿಕೆ ಬಂದದ್ದು ಆ ಚರಿಗೆಗಳನ್ನು ನೋಡಿದ ಮೇಲೆ. ಅಕ್ಕನ ಮಡಿ ಅಕ್ಕನಿಗೆ ಮರಳಿತು. ಹಾಲಿನವರು ನನ್ನ ಜೊತೆ ಮಾತು ಬಿಟ್ಟರು.

ನಾಲ್ಕು ದಿನದಲ್ಲಿ ಗೋಡೆ ಮೇಲಿನಿಂದ ಆರತೊಡಗಿತು. ಮೊದಲು ಸೂರಿನ ಹತ್ತಿರ, ಆಮೇಲೆ ತಲೆಯ ಎತ್ತರ, ಆಮೇಲೆ ಎದೆಯ ಎತ್ತರ. ನಾನು ದಿನಕ್ಕೆ ಹತ್ತು ಸಲ ಅಂಗೈ ಒತ್ತಿ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಆರುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದೆ ಹೋಯಿತು. ಅಕ್ಕನ ಮನಸ್ಸು ತಿಳಿಯಾಗುತ್ತಿದೆ ಎಂದು ಹಿಗ್ಗುತ್ತಿದ್ದೆ, ಮರುಗಳಿಗೆಯಲ್ಲೇ ಶಾಲು ಹುಡುಕುತ್ತಿದ್ದೆ. ಮಹಾದೇವಿ ಬೆರಳು ತಿಕ್ಕಿಕೊಳ್ಳುತ್ತ ಹೊಲಿಯುತ್ತಿದ್ದಳು.

ಐದನೆಯ ದಿನ ಬಿಸಿಲೇರಿದ ಮೇಲೆ ಅಕ್ಕ ಬಂದಳು. ಅವಳಾಗಿಯೇ ನಮ್ಮ ಹೊಸ್ತಿಲು ದಾಟಿದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಮಡಿಲಲ್ಲಿ ಹಸಿ ಶೇಂಗಾದ ಗಿಡಗಳಿದ್ದವು. ಅವನ್ನು ಮಹಾದೇವಿಯ ಮುಂದೆ ಸುರಿದು, ನೇರ ಉತ್ತರದ ಗೋಡೆಗೆ ಹೋದಳು. ತುದಿಗಾಲಲ್ಲಿ ನಿಂತು ಮೇಲಿನಿಂದ ಅಂಗೈ ಆಡಿಸುತ್ತ ಬಂದಳು. ತಲೆ, ಎದೆ, ನಡು. ಆಮೇಲೆ ಮಂಡಿಯೂರಿ ಕೂತು ನೆಲದ ಹತ್ತಿರ ಕೈ ಇಟ್ಟಳು, ಹಾಗೇ ಇಟ್ಟುಕೊಂಡಳು. ನಾನೂ ಹತ್ತಿರ ಹೋಗಿ ಬಗ್ಗಿ ಮುಟ್ಟಿದೆ. ನೆಲದಿಂದ ಒಂದು ಮೊಳ ಎತ್ತರದವರೆಗೆ ಗೋಡೆ ಮೊದಲಿನಷ್ಟೇ ಸುಡುತ್ತಿತ್ತು.

“ಅಕ್ಕಾ, ಇದು?” ಅಂದೆ. ನನ್ನ ಕಣ್ಣು ತುಂಬಿ ಬಂದಿತ್ತು.

“ಇದು ಹೋಗೂದಿಲ್ಲೋ ತಮ್ಮಾ. ನಾನೂ ಬಾಳ ನೋಡೇನಿ, ಹೋಗವಲ್ದು.” ಅವಳು ಕೈ ಒರೆಸಿಕೊಂಡು ಮಹಾದೇವಿಯ ತೋಳು ಹಿಡಿದು ಎಬ್ಬಿಸಿ, ತಂದು ಗೋಡೆಗೆ ಬೆನ್ನು ಕೊಟ್ಟು ಕೂಡಿಸಿದಳು, ತಾನೂ ಪಕ್ಕದಲ್ಲಿ ಕೂತಳು. ನೆಲದ ಮೇಲೆ ಕೂತವರ ನಡುವಿಗೆ ಆ ಒಂದು ಮೊಳ ಸರಿಯಾಗಿ ಬರುತ್ತಿತ್ತು. “ಇರ್ಲಿ ಬಿಡು. ಹೊಲಿಯಾಕ ಇಷ್ಟು ಸಾಕು.”

ಇಬ್ಬರೂ ಶೇಂಗಾ ಸುಲಿಯತೊಡಗಿದರು. ಗೋಡೆಯ ಹತ್ತಿರ ಮೂರನೆಯವರಿಗೆ ಜಾಗವಿತ್ತು, ಆದರೆ ಯಾರೂ ನನ್ನನ್ನು ಕರೆಯಲಿಲ್ಲ. ನಾನು ಅಂದು ಗುಂಡಿಯ ಎದುರು ಕೂತಿದ್ದ ಹಳೆಯ ಮಣೆಯನ್ನು ತಂದು, ಅಕ್ಕನ ಎದುರಿಗೆ ಹಾಕಿಕೊಂಡು, ಮುಖ ತಿರುಗಿಸದೆ ಕೂತೆ.